ಓಕ್ ಮರದ ನಲವತ್ತೆರಡು ಬಳೆ

ಹಿಟ್ಟಿ ಲೂಮಿಸ್ ಹೆಜ್ಜೆ ಹಾಕಿ ಅಳೆದಳೆಂದರೆ ನಮ್ಮ ಹ್ಯಾಡ್‌ಬರಿಯಲ್ಲಿ ಮತ್ತೆ ಯಾರೂ ಕೋಲು ಹಿಡಿದು ಅಳೆಯುವ ತಂಟೆಗೆ ಹೋಗುತ್ತಿರಲಿಲ್ಲ. ಆರು ಹೆಜ್ಜೆಗೆ ಒಂದು ಕೋಲು, ಇಪ್ಪತ್ತನಾಲ್ಕಕ್ಕೆ ಒಂದು ಸರಪಳಿ. ಕೆಸರಿರಲಿ, ಹಿಮ ಬಿದ್ದಿರಲಿ, ತುಂಬಿದ ಬಸುರಿಯಾಗಿರಲಿ, ಆ ಹೆಜ್ಜೆ ಒಂದು ಬೆರಳು ಹೆಚ್ಚಿದ್ದೂ ಇಲ್ಲ, ಕಡಿಮೆಯಾದದ್ದೂ ಇಲ್ಲ. ಕೊಟ್ಟಿಗೆಗೆ ಪಾಯ ತೋಡುವವರು ಅವಳನ್ನು ಕರೆಸುತ್ತಿದ್ದರು. ಮಗನಿಗೂ ಅಳಿಯನಿಗೂ ಹುಲ್ಲುಗಾವಲು ಪಾಲು ಮಾಡಿಕೊಡುವ ಮುದುಕರು ಕರೆಸುತ್ತಿದ್ದರು. ಹೆಣ ಹೂಳುವ ಕ್ರಿಸ್ಪಿನ್ ಕೂಡ ಒಮ್ಮೆ ಕರೆಸಿ, ಎರಡು ಸಮಾಧಿಯ ನಡುವೆ ಮೂರನೆಯದಕ್ಕೆ ಜಾಗವಿದೆಯೇ ಎಂದು ಕೇಳಿದ್ದುಂಟು. ಅವಳಿಗೆ ಜಂಬ ಎಂದು ಆಡಿಕೊಳ್ಳುವವರೂ ಇದ್ದರು. ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳ ಅಳತೆ ತಪ್ಪಿದ್ದನ್ನು ಕಂಡವರಿಲ್ಲ. ಅವಳು ತಪ್ಪಿದ್ದು ಮಾತಿನಲ್ಲಿ, ಅದೂ ಒಂದೇ ಸಲ. ಆ ಒಂದು ಸಲದ ಕತೆಯೇ ಇದು.

ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ, ಸಾವಿರದ ಏಳುನೂರ ಎರಡರಲ್ಲಿ, ಹ್ಯಾಡ್‌ಬರಿ ಇನ್ನೂ ಊರಾಗಿರಲಿಲ್ಲ. ಮ್ಯಾಸಚೂಸೆಟ್ಸ್ ಸೀಮೆಯ ಒಳನಾಡಿನ ಕಾಡು, ಒಂದು ಹೊಳೆ, ಇಪ್ಪತ್ತೆರಡು ಮನೆತನ. ಹೊಳೆಯಿಂದ ಉತ್ತರದ ಗುಡ್ಡದವರೆಗೆ ನೆಲವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಟೊಪ್ಪಿಯೊಳಗೆ ಚೀಟಿ ಹಾಕಿ ಎತ್ತಿಕೊಂಡರು. ಹಿಟ್ಟಿಯ ಅಪ್ಪ ಗಿಡಿಯೋನನಿಗೆ ಏಳನೇ ತಾಕು ಬಂತು. ಅದರ ಪಡುವಣದ ಎಂಟನೇದು ಟಕ್ ಮನೆಯವರಿಗೆ. ಮೋಜಣಿದಾರ ಹೈಂಡ್ಸ್ ಎಂಬ ಆಳೆತ್ತರದ ಮುದುಕ ದಿಕ್ಸೂಚಿ ಹಿಡಿದು ಮುಂದೆ, ಸರಪಳಿ ಎಳೆಯುವ ಇಬ್ಬರು ಹಿಂದೆ. ಆ ಇಬ್ಬರಲ್ಲಿ ಒಬ್ಬ ಗಿಡಿಯೋನ್. ಇನ್ನೊಬ್ಬ ಮೂರನೇ ದಿನವೇ ಜ್ವರ ಬಂದು ಮಲಗಿದ. ಊರಲ್ಲಿ ಅರ್ಧ ಗಂಡಸರು ಅದೇ ಜ್ವರದಲ್ಲಿದ್ದರು. ಹೈಂಡ್ಸ್ ದಿನಗೂಲಿ ಎಣಿಸುತ್ತ ಕೂರುವವನಲ್ಲ. "ನಿನ್ನ ಮಗಳು ನಡೀತಾಳಲ್ಲ, ಆ ಕೊನೆ ಅವಳ ಕೈಗೆ ಕೊಡು" ಎಂದುಬಿಟ್ಟ. ಹೆಂಗಸಿನಿಂದ ಪ್ರಮಾಣ ಮಾಡಿಸುವ ಪದ್ಧತಿ ಇರಲಿಲ್ಲವಾಗಿ ಕಡತದಲ್ಲಿ ಅವಳ ಹೆಸರು ಬರಲಿಲ್ಲ. "ಗಿಡಿಯೋನ್ ಮತ್ತು ಅವನ ಮನೆಯವರೊಬ್ಬರು" ಎಂದು ಬರೆದರು. ಆ ಮನೆಯವರೊಬ್ಬರು ಇಪ್ಪತ್ತೆರಡು ತಾಕುಗಳ ಗಡಿಯನ್ನೂ ಮುಳ್ಳು ಪೊದೆಯೊಳಗೆ, ಸೊಂಟದವರೆಗಿನ ಜವುಗಿನೊಳಗೆ ನಡೆದು ಎಳೆದರು.

ಗಡಿಗೆರೆ ಹಾಯ್ದ ಮರಗಳಿಗೆ ಹೈಂಡ್ಸ್ ಕೊಡಲಿಯಿಂದ ಎದೆಮಟ್ಟಕ್ಕೆ ಎರಡು ಕಚ್ಚು ಹಾಕುತ್ತಿದ್ದ. ಏಳು ಎಂಟರ ನಡುವಿನ ಗೆರೆಗೆ ಮೇಲ್ತುದಿಯ ಹತ್ತಿರ ಸಿಕ್ಕಿದ್ದು ಒಂದು ಬಿಳಿ ಓಕ್, ಹಿಟ್ಟಿಯ ತೊಡೆಯಷ್ಟು ದಪ್ಪ. ಅದರ ಮೂಡಣಕ್ಕೆ ಮೂರು ಕೋಲು ದೂರದಲ್ಲಿ ಒಂದು ಒರತೆ, ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವ ನೀರು. ಅಲ್ಲಿಗೆ, ಮೊದಲಿಂದ ಆ ನೆಲದಲ್ಲಿದ್ದ ನಿಪ್ಮಕ್ ಜನರ ಕಾಲುದಾರಿಯೊಂದು ಬರುತ್ತಿತ್ತು. ಎಷ್ಟು ತಲೆಮಾರು ತುಳಿದಿದ್ದರೋ, ದಾರಿ ಮೊಣಕಾಲಿನಷ್ಟು ಆಳಕ್ಕೆ ಇಳಿದಿತ್ತು. ಹೈಂಡ್ಸ್ ಕುರಿಚರ್ಮದ ಮೇಲೆ ಬರೆದ ನಕ್ಷೆಯಲ್ಲಿ ಆ ದಾರಿ ಒಂದು ಚುಕ್ಕೆಗೆರೆಯಾಗಿ ಬಂತು, ಆ ಜನ ಬರಲೇ ಇಲ್ಲ. ಅವರನ್ನು ಕೇಳಿ ಹಂಚಿದ ನೆಲವಲ್ಲ ಅದು. ಮಾರಿದರು ಎಂಬ ಕಾಗದವೊಂದು ಇತ್ತು, ಅದರ ಕೆಳಗಿನ ಗುರುತುಗಳನ್ನು ಯಾರು ಹಾಕಿದರು ಎಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ, ಹಿಟ್ಟಿಯೂ ಕೇಳಲಿಲ್ಲ.

ಅಪ್ಪ ತೀರಿದ ಮೇಲೆ ತಾಕು ಅವಳಿಗೇ ಉಳಿಯಿತು. ಜೆರೆಡ್ ಲೂಮಿಸ್ ಎಂಬವನನ್ನು ಮದುವೆಯಾದಳು. ಒಳ್ಳೆಯ ಮನುಷ್ಯ, ದುಡಿಮೆಗಾರ, ಆದರೆ ಹಟವೆಂದರೆ ಹಟ. ಒರತೆಯ ಪಕ್ಕ ಸೇಬಿನ ತೋಟ ಹಾಕಿದ. ಸಾವಿರದ ಏಳುನೂರ ಹದಿಮೂರರಲ್ಲಿ ಎಂಟನೇ ತಾಕಿನ ಕಡೆಗೆ ಕಲ್ಲುಗೋಡೆ ಎಬ್ಬಿಸಿದ. ಓಕ್ ಮರದ ಗೆರೆಯಲ್ಲಿ ನೆಲ ಮೆತ್ತಗೆ, ಕಲ್ಲು ಕೂರುವುದಿಲ್ಲ. ಎರಡು ಕೋಲು ಆಚೆ, ಎಂಟನೇ ತಾಕಿನೊಳಗೆ, ಗಟ್ಟಿ ನೆಲ, ಕಲ್ಲುಗುಪ್ಪೆಯೂ ಅಲ್ಲೇ. ಜೆರೆಡ್ ಅಲ್ಲೇ ಕಟ್ಟಿದ.

"ಗೆರೆ ಅಲ್ಲಲ್ಲ ಕಣ್ರೀ, ಓಕ್ ಮರದ ಹತ್ರ" ಎಂದು ಹಿಟ್ಟಿ ಹೇಳಿದಳು.

"ಓಕ್ ಮರ ನಿನ್ನ ಚಿಕ್ಕಪ್ಪನಾ? ಆ ಜಗಳವೇ ಬೇಡ, ಗೆರೆ ಇದೇ" ಎಂದ ಅವನು. ಕಲ್ಲುಗುಪ್ಪೆಯ ಬಳಿ ಒಂದು ಚೆಸ್ಟ್‌ನಟ್ ಮರವಿತ್ತು, ಅದರ ಮೇಲೆ ಯಾರೋ ಕಟ್ಟಿಗೆಯವರ ಕೊಡಲಿ ಏಟು. ಅದನ್ನೇ ಗಡಿಗುರುತು ಎಂದು ತೋರಿಸಿದ. ಹತ್ತು ಸಲ ಹೇಳಿ ತಾನೂ ನಂಬಿದ.

ಎಂಟನೇ ತಾಕಿನ ಬಾರ್ಜಿಲ್ಲೈ ಟಕ್ ನಂಬಲಿಲ್ಲ. ಅವನು ಹಿಟ್ಟಿಗಿಂತ ಮೂರು ವರ್ಷಕ್ಕೆ ದೊಡ್ಡವನು, ಆಡುತ್ತ ಬೆಳೆದವನು, ಮಾತು ಕಡಿಮೆ, ಬಂದರೆ ಬೆಂಕಿ. ಒಂದು ಭಾನುವಾರ ಸಭಾಮನೆಯ ಬಾಗಿಲಲ್ಲೇ, ಊರೆಲ್ಲ ಪ್ರಾರ್ಥನೆಗೆ ಬರುವ ಹೊತ್ತಿಗೆ, ಜೆರೆಡನನ್ನು ಗಡಿಗಳ್ಳ ಎಂದು ಕೂಗಿದ. ದೇವರ ದಿನ, ದೇವರ ಬಾಗಿಲು. ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಸಭೆ ಕೂತಿತು. ಹೈಂಡ್ಸ್ ಸತ್ತಿದ್ದ, ಗಿಡಿಯೋನ್ ಸತ್ತಿದ್ದ. ಆ ಗೆರೆ ಎಳೆದವರಲ್ಲಿ ಬದುಕಿದ್ದವಳು ಹಿಟ್ಟಿ ಒಬ್ಬಳೇ. ಹಳೆಯ ಪಾದ್ರಿ ಅವಳತ್ತ ತಿರುಗಿ ಕೇಳಿದರು, ಯಾವ ಮರ ಎಂದು. ಮೂವತ್ತರ ಹೆಣ್ಣು, ಕಂಕುಳಲ್ಲಿ ಮಗು, ಪಕ್ಕದಲ್ಲಿ ಗಂಡ, ಸುತ್ತ ಊರು. "ನಮ್ಮ ಯಜಮಾನರು ತೋರಿಸಿದ್ದೇ" ಎಂದಳು.

ಅಷ್ಟೇ. ಅದೊಂದೇ ಮಾತು.

ಮುಂದಿನ ಭಾನುವಾರ ಬಾರ್ಜಿಲ್ಲೈ ಸಭಾಮನೆಯ ನಡುದಾರಿಯಲ್ಲಿ ನಿಂತು, ಪಾದ್ರಿ ಬರೆದುಕೊಟ್ಟ ತಪ್ಪೊಪ್ಪಿಗೆ ಚೀಟಿಯನ್ನು ಎಲ್ಲರೆದುರು ಓದಬೇಕಾಯಿತು. ನೆರೆಯವನ ಹೆಸರು ಕೆಡಿಸಿದೆ, ದೇವರ ದಿನವನ್ನು ಹೊಲಸು ಮಾಡಿದೆ ಎಂಬಲ್ಲಿಯವರೆಗೆ ಓದಿದ. ಆಮೇಲೆ "ನಿಜ ಯಾವುದೆಂದು ಗೊತ್ತಿದ್ದೂ ಸುಳ್ಳಾಡಿದೆ" ಎಂಬ ಸಾಲು. ಅಲ್ಲಿ ಅವನ ನಾಲಿಗೆ ನಿಂತಿತು. ಪಾದ್ರಿ ಕಾದರು, ಸಭೆಯೆಲ್ಲ ಕಾಯಿತು. ಓದದಿದ್ದರೆ ಸಭೆಯಿಂದ ಹೊರಗೆ, ಊರಲ್ಲಿ ಒಲೆ ಹಚ್ಚಲು ಬೆಂಕಿ ಕೊಡುವವರೂ ಇಲ್ಲ. ಕೊನೆಗೆ ಓದಿದ. ಹಿಟ್ಟಿ ತನ್ನ ಮಗುವಿನ ಟೊಪ್ಪಿಯ ದಾರವನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

ಅಲ್ಲಿಯವರೆಗೆ ಟಕ್ ಮನೆಯವರೂ ಆ ಒರತೆಯ ನೀರನ್ನೇ ಒಯ್ಯುತ್ತಿದ್ದರು. ಬಾರ್ಜಿಲ್ಲೈ ಅಂದಿನಿಂದ ಆ ಕಡೆ ಕಾಲಿಡಲಿಲ್ಲ. ಬಾವಿ ತೋಡಿದ, ಬಂಡೆ ಬಂತು. ಅರ್ಧ ಮೈಲಿ ಕೆಳಗಿನ ಹೊಳೆಯಿಂದ ಹೆಗಲ ಮೇಲೆ ಅಡ್ಡೆ ಹೊತ್ತು ನೀರು ತಂದ. ಮೂವತ್ತೊಂದು ವರ್ಷ. ಹಿಟ್ಟಿ ದಿನವೂ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ಜೆರೆಡ್ ತೀರಿಹೋದ. ಅವಳು ಗೋಡೆಯ ವಿಷಯ ಎತ್ತಲಿಲ್ಲ. ಎತ್ತಬೇಕೆಂದು ಅನಿಸಲಿಲ್ಲವೇ? ಅನಿಸಿತು. ಪ್ರತಿ ವರ್ಷ ಸೇಬು ಕೀಳುವಾಗ ಅನಿಸುತ್ತಿತ್ತು, ಸೇಬೆಲ್ಲ ಪೀಪಾಯಿಗೆ ಬಿದ್ದ ಮೇಲೆ ಮರೆಯುತ್ತಿತ್ತು. ಎಲ್ಲದರಲ್ಲೂ ಗಟ್ಟಿಗಿತ್ತಿ, ಇದೊಂದರಲ್ಲಿ ಪುಕ್ಕಲಿ.

ಸಾವಿರದ ಏಳುನೂರ ನಲವತ್ತನಾಲ್ಕರ ವಸಂತದಲ್ಲಿ ಊರವರು ಗುಡ್ಡದಾಚೆಯ ಕಾಡನ್ನೂ ಹಂಚಿಕೊಳ್ಳಲು ಹೊರಟರು. ಅದಕ್ಕೆ ಮೊದಲು ಹಳೆಯ ಗಡಿಗಳನ್ನು ಗಟ್ಟಿ ಮಾಡಿ ಹೊಸ ನಕ್ಷೆ ಬರೆಸಬೇಕಿತ್ತು, ಹಳೆಯ ಕುರಿಚರ್ಮದ ಅಂಚನ್ನು ಇಲಿ ತಿಂದಿತ್ತು. ಥಿಯೊಫಿಲಸ್ ವೇಡ್ ಎಂಬ ಹೊಸ ಮೋಜಣಿದಾರ ಬಂದ. ಇಪ್ಪತ್ತೇಳರ ಪ್ರಾಯ, ಕಾಲೇಜು ಓದಿದವನು, ಹಿತ್ತಾಳೆಯ ಹೊಳೆಯುವ ದಿಕ್ಸೂಚಿ. ಹಳೆಯ ನಕ್ಷೆಯಲ್ಲಿ ಏಳು ಎಂಟರ ಗೆರೆ ಹೊಳೆದಂಡೆಯ ಬಂಡೆಯಿಂದ, ಉತ್ತರಕ್ಕಿಂತ ಹನ್ನೆರಡು ಡಿಗ್ರಿ ಪೂರ್ವಕ್ಕೆ ಎಂದಿತ್ತು. ವೇಡ್ ಬಂಡೆಯ ಮೇಲೆ ದಿಕ್ಸೂಚಿಯ ಮುಳ್ಳು ನಿಲ್ಲಿಸಿ, ಹನ್ನೆರಡು ಡಿಗ್ರಿ ಹಿಡಿದು ಸರಪಳಿ ಎಳೆಸಿಕೊಂಡು ಬಂದ. ಬಂದವನು ಜೆರೆಡನ ಗೋಡೆ ದಾಟಿದ, ಓಕ್ ದಾಟಿದ, ಒರತೆ ದಾಟಿದ, ಸೇಬಿನ ತೋಟವನ್ನೆಲ್ಲ ದಾಟಿ ಹಿಟ್ಟಿಯ ಕೋಳಿಗೂಡಿನ ಮಗ್ಗುಲಲ್ಲಿ ಗೂಟ ನೆಟ್ಟ.

ಹಿಟ್ಟಿ ಮೆಕ್ಕೆಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು.

"ಏನಪ್ಪಾ ಇದು?"

"ಗಡಿ, ಅಜ್ಜಿ. ಇದರಿಂದ ಪಡುವಣಕ್ಕಿರೋದೆಲ್ಲ ಎಂಟನೇ ತಾಕು."

"ಅಂದ್ರೆ ನನ್ನ ಒರತೆ?"

"ಎಂಟನೇದಕ್ಕೆ ಬರುತ್ತೆ. ಆದ್ರೆ ನಿಮಗೆ ಮೂಡಣದಲ್ಲಿ ಆರನೇ ತಾಕಿನಿಂದ ಅಷ್ಟೇ ನೆಲ ಬರುತ್ತೆ, ಎಕರೆ ಲೆಕ್ಕ ಸರಿಹೋಗುತ್ತೆ."

"ಆರನೇ ತಾಕಿನ ಆ ಕಡೆ ಇರೋದು ಬರೀ ಕಲ್ಲು ಕಣಪ್ಪ. ಕಲ್ಲು ಕುಡೀಲಾ? ನಿನ್ನ ಮುಳ್ಳು ತಪ್ಪು ತೋರಿಸ್ತಿದೆ."

ಸರಪಳಿ ಹಿಡಿದ ಇಬ್ಬರೂ ನಕ್ಕರು. ವೇಡ್ ನಗಲಿಲ್ಲ, ಮರ್ಯಾದಸ್ಥ. "ಮುಳ್ಳು ತಪ್ಪು ತೋರಿಸಲ್ಲ ಅಜ್ಜಿ. ಅದಕ್ಕೆ ನಿಮ್ಮ ಮೇಲೂ ಸಿಟ್ಟಿಲ್ಲ, ಟಕ್ ಅವರ ಮೇಲೂ ಪ್ರೀತಿಯಿಲ್ಲ. ಹಳೇ ಕಾಗದದಲ್ಲಿ ಏನು ಬರೆದಿದೆಯೋ ಅದನ್ನೇ ಎಳೆದಿದೀನಿ."

"ಆ ಕಾಗದ ಬರೆಯೋವಾಗ ಸರಪಳಿ ಎಳೆದವಳು ನಾನು."

"ಕಡತದಲ್ಲಿ ನಿಮ್ಮ ಹೆಸರಿಲ್ಲವಲ್ಲ" ಎಂದ ಅವನು, ಮೆಲ್ಲಗೆ.

ಬೆಂಚಿನ ತುದಿಯವನೊಬ್ಬ ದಬ್ಬಿದರೆ ಸಾಲೆಲ್ಲ ಸರಿಯುವ ಹಾಗೆ, ಇಪ್ಪತ್ತೆರಡು ತಾಕೂ ಮೇಲ್ತುದಿಯಲ್ಲಿ ಐದೈದು ಕೋಲು ಮೂಡಣಕ್ಕೆ ಸರಿದಿದ್ದವು. ಉಳಿದವರಿಗೆ ಅಲ್ಲಿದ್ದದ್ದು ಕುರುಚಲು ಕಾಡು, ಈ ಕಡೆ ಹೋದದ್ದು ಆ ಕಡೆ ಬಂತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನೀರು ಕಳೆದುಕೊಂಡವಳು ಹಿಟ್ಟಿ ಒಬ್ಬಳೇ. ಮೇಲ್ತುದಿಯಲ್ಲಿ ಬಾವಿ ತೋಡಿದವರಿಗೆಲ್ಲ ಬಂಡೆ ಸಿಕ್ಕಿತ್ತು. ಅರವತ್ತೊಂದರ ವಯಸ್ಸಿನಲ್ಲಿ ಅಡ್ಡೆ ಹೊತ್ತು ಹೊಳೆಗೆ ಇಳಿಯಬೇಕು, ಇಲ್ಲವೇ ಮನೆ ಮಾರಿ ಮದುವೆಯಾಗಿ ಹೋದ ಮಗಳ ಒಲೆಯ ಮೂಲೆಯಲ್ಲಿ ಕೂರಬೇಕು. ಊರಿನ ಹಿರಿಯರು ಹೇಳಿದರು, ಸೋಮವಾರ ನಕ್ಷೆಗೆ ರುಜು ಬೀಳುತ್ತದೆ, ಅಷ್ಟರೊಳಗೆ ಹೈಂಡ್ಸ್ ಹಾಕಿದ ಗುರುತು ಏನಾದರೂ ಇದ್ದರೆ ತೋರಿಸು ಎಂದು. ಗುರುತು ಇತ್ತು. ಓಕ್ ಮರ ಗೋಡೆಯ ಈಚೆಯೇ ನಿಂತಿತ್ತು, ಈಗ ಇಬ್ಬರು ತಬ್ಬಬೇಕು ಅಷ್ಟು ದಪ್ಪ. ಕಚ್ಚನ್ನು ತೊಗಟೆ ಎಂದೋ ನುಂಗಿತ್ತು. ಆ ಮರ ತೋರಿಸಿದರೆ ಒರತೆ ಉಳಿಯುತ್ತದೆ. ಜತೆಗೆ, ಗೋಡೆ ಎರಡು ಕೋಲು ಕಳ್ಳ ಗೋಡೆ ಎಂದೂ, ಸಭೆಯಲ್ಲಿ ಅವಳು ಆಡಿದ್ದು ಸುಳ್ಳೆಂದೂ ಊರಿಗೆ ಗೊತ್ತಾಗುತ್ತದೆ.

ಆ ಮಧ್ಯಾಹ್ನ ಅವಳು ಗೋಡೆಯ ಹತ್ತಿರ ಹೋಗಿ ನಿಂತಳು. ಜೆರೆಡ್ ಕಲ್ಲು ಜೋಡಿಸುವುದರಲ್ಲಿ ನಿಸ್ಸೀಮ, ಮೂವತ್ತೊಂದು ಚಳಿಗಾಲದಲ್ಲಿ ಒಂದು ಕಲ್ಲು ಉರುಳಿರಲಿಲ್ಲ.

"ನೋಡಿದ್ರಾ ನೀವು ಮಾಡಿಟ್ಟು ಹೋದ ಕೆಲಸಾನ?" ಎಂದು ಗೋಡೆಗೇ ಬೈದಳು. "ನೀವು ಆರಾಮಾಗಿ ಮಲಗಿದೀರಿ. ಇಲ್ಲಿ ಮುಖ ತೋರಿಸ್ಬೇಕಾಗಿರೋಳು ನಾನು."

"ಯಾರ ಜತೆ ಜಗಳ?" ಎಂಬ ದನಿ ಆಚೆಯಿಂದ ಬಂತು. ಬಾರ್ಜಿಲ್ಲೈ ಗೋಡೆಯಾಚೆ ನಿಂತಿದ್ದ, ಹೆಗಲ ಮೇಲೆ ಅಡ್ಡೆ, ಎರಡು ಬಕೆಟ್ ಹೊಳೆನೀರು. ಮೂವತ್ತೊಂದು ವರ್ಷಗಳಲ್ಲಿ ಅವನು ಅವಳ ಜತೆ ಆಡಿದ ಮೊದಲ ಮಾತು ಅದು.

"ನನ್ನ ಗಂಡನ ಜತೆ. ನಿನಗೇನು?"

"ನನಗೇನಿಲ್ಲ." ಅವನು ಬಕೆಟ್ ಇಳಿಸಿದ. "ಸೋಮವಾರದ ಮೇಲೂ ನೀನು ಒರತೆಗೆ ಬರ್ಬಹುದು ಹಿಟ್ಟಿ. ನಾನು ಬೇಡ ಅನ್ನಲ್ಲ. ಒಂದು ಮಾತು ಕೇಳಿದ್ರೆ ಸಾಕು."

"ದಿನಾ ಕೇಳ್ಬೇಕಾ?"

"ದಿನಾ ಬಾಯಾರಿಕೆ ಆಗುತ್ತಲ್ಲ."

ಅವನ ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು, ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಹಿಟ್ಟಿಗೆ ಮೈ ಉರಿಯಿತು. ಅವನು ಬಗ್ಗಿ ಅಡ್ಡೆ ಎತ್ತಿಕೊಂಡ. ಅಂಗಿಯ ಕತ್ತು ಸರಿದು ಹೆಗಲು ಕಂಡಿತು. ಅಡ್ಡೆ ಕೂರುವ ಜಾಗದಲ್ಲಿ ಎತ್ತಿನ ಹೆಗಲಿನ ಹಾಗೆ ಗಂಟು ಕಟ್ಟಿತ್ತು. ಉರಿ ಅಲ್ಲೇ ಆರಿತು. ಅವಳು ಮನೆಗೆ ಬಂದು, ಉಳಿದ ಹಿಟ್ಟನ್ನು ತಟ್ಟಿ ರೊಟ್ಟಿ ಮಾಡಿ, ತಿನ್ನಲಾಗದೆ ಕೋಳಿಗಳಿಗೆ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಅವಳು ವೇಡನನ್ನೂ ಊರಿನ ಇಬ್ಬರು ಹಿರಿಯರನ್ನೂ ಕರೆಸಿದಳು. ಬಾರ್ಜಿಲ್ಲೈಗೂ ಹೇಳಿಕಳಿಸಿದಳು. ಅವನು ಬಂದ, ಆದರೆ ಗೋಡೆಯಾಚೆಯೇ ನಿಂತ.

"ಈಚೆ ಬಾ" ಎಂದಳು ಹಿಟ್ಟಿ.

"ಇಲ್ಲಿಂದಲೇ ಕಾಣುತ್ತೆ."

"ಕಾಣಲ್ಲ, ಬಾ ಅಂದ್ನಲ್ಲ."

ಅವನು ಗೋಡೆ ಹತ್ತಿ ಇಳಿದ. ಹಿಟ್ಟಿ ಓಕ್ ಮರದ ಮುಂದೆ ಹೋಗಿ, ತನ್ನ ಎದೆಯ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕೈಯಿಟ್ಟಳು. "ಹೈಂಡ್ಸ್ ಎತ್ತರದ ಆಳು. ಅವನ ಎದೆ ಇಲ್ಲಿಗೆ. ಇಲ್ಲಿ ಕಡೀರಿ, ಚೌಕಾಕಾರಕ್ಕೆ, ವರ್ಷಕ್ಕೊಂದರಂತೆ ಕೂಡಿದ ಒಳಗಿನ ಬಳೆ ಕಾಣೋ ಹಾಗೆ."

ಸರಪಳಿಯವರಲ್ಲಿ ಒಬ್ಬ ಅರ್ಧ ಗಂಟೆ ಕಡಿದ. ಬಿಳಿ ಚಕ್ಕೆ ಹಾರಿತು, ಒಳಗೆಲ್ಲ ಹಸನಾದ ಮರ, ಗುರುತಿನ ಸುಳಿವಿಲ್ಲ.

"ಅಜ್ಜೀ, ನಲವತ್ತೆರಡು ವರ್ಷ ಆಯ್ತು. ಮರ ಬೆಳೆದಿದೆ, ನಿಮ್ಮ ಗುರುತು ಈಗ ಆಕಾಶದಲ್ಲಿ ಇರಬೇಕು. ಏಣಿ ತರ್ಲಾ?" ಎಂದ ಆ ಕಡಿಯುವವನು.

"ಮರ ತುದಿಯಲ್ಲಿ ಬೆಳೆಯುತ್ತೆ ಕಣೋ, ಬುಡದಿಂದ ಎದ್ದು ನಿಲ್ಲಲ್ಲ. ಬೇಲಿಗೆ ಅಂತ ಮರಕ್ಕೆ ಹೊಡೆದ ಮೊಳೆ ಮರದ ಜತೆ ಮೇಲೆ ಹೋಗಿದ್ದು ಎಲ್ಲಾದ್ರೂ ನೋಡಿದೀಯಾ?" ಎಂದಳು ಹಿಟ್ಟಿ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಮರದ ಸುತ್ತ ಒಮ್ಮೆ ನಡೆದು ನೋಡಿದಳು. ಅವಳಿಗೆ ತನ್ನ ಅಳತೆಯ ಮೇಲೆ ಅನುಮಾನ ಬಂದದ್ದು ಅದೇ ಮೊದಲು. ನಿಂತಳು, ನೆಲ ನೋಡಿದಳು, ಹಿಮ್ಮಡಿಯಿಂದ ಒತ್ತಿದಳು. ಹಿಮ್ಮಡಿ ಮೆತ್ತಗೆ ಒಳಗಿಳಿಯಿತು. ಗುಡ್ಡದಿಂದ ಗಾಳಿಗೆ ಬಂದ ಎಲೆಯನ್ನೆಲ್ಲ ಜೆರೆಡನ ಗೋಡೆ ಮೂವತ್ತೊಂದು ವರ್ಷ ತಡೆದು, ಕೊಳೆಸಿ, ಮರದ ಬುಡಕ್ಕೆ ಹೊಸ ನೆಲ ಹಾಸಿತ್ತು.

"ಮರ ಏರಿಲ್ಲ, ನೆಲ ಏರಿದೆ" ಎಂದಳು. ಅವಳು ಸನಿಕೆಯಲ್ಲಿ ತಾನೇ ಬುಡ ಬಿಡಿಸಿದಳು. ಎರಡು ಗೇಣು ಕೆಳಗೆ ಹಳೆಯ ಬೇರಿನ ಬೆನ್ನು ಸಿಕ್ಕಿತು. "ಎರಡು ಗೇಣು ಕೆಳಗೆ ಕಡಿ."

ಎರಡು ಗೇಣು ಕೆಳಗೆ ಹತ್ತನೇ ಏಟಿಗೆ ಚಕ್ಕೆಯ ಜತೆ ಕಪ್ಪು ಬಂತು. ಇನ್ನೂ ನಾಲ್ಕು ಏಟಿಗೆ ಹೈಂಡ್ಸ್‌ನ ಎರಡು ಕಚ್ಚು, ನಿನ್ನೆ ಹಾಕಿದ ಹಾಗೆ ಕೊಡಲಿಯ ಅಲಗಿನ ಗೀರು ಸಮೇತ, ಬೆಳಕಿಗೆ ಬಂದವು. ವೇಡ್ ಮಂಡಿಯೂರಿ ಕುಳಿತುಬಿಟ್ಟ.

"ಬಳೆ ಎಣಿಸಿ" ಎಂದರು ಹಿರಿಯರಲ್ಲಿ ಒಬ್ಬರು.

"ಬಾರ್ಜಿಲ್ಲೈ ಎಣಿಸ್ಲಿ" ಎಂದಳು ಹಿಟ್ಟಿ. "ಬೇರೆ ಯಾರು ಎಣಿಸಿದ್ರೂ ಅವನು ನಂಬಲ್ಲ."

ಬಾರ್ಜಿಲ್ಲೈ ಹೆಬ್ಬೆರಳ ಉಗುರನ್ನು ಕಚ್ಚಿನ ಮೇಲಿಟ್ಟು ಹೊರಗಿನ ತೊಗಟೆಯವರೆಗೆ ಒಂದೊಂದೇ ಬಳೆ ಎಣಿಸಿದ. ಮಧ್ಯದಲ್ಲಿ ತಪ್ಪಿ, ಮತ್ತೆ ಮೊದಲಿಂದ ಎಣಿಸಿದ. "ನಲವತ್ತೆರಡು" ಎಂದ.

"ಹಾಗಾದ್ರೆ ಮುಳ್ಳು ಹೊರಳಿದೆ" ಎಂದ ವೇಡ್, ತನ್ನ ಹಿತ್ತಾಳೆ ಪೆಟ್ಟಿಗೆಯನ್ನು ತಿರುಗಿಸಿ ನೋಡುತ್ತ. "ವರ್ಷಗಳು ಕಳೆದ ಹಾಗೆ ಮುಳ್ಳು ಉತ್ತರ ಅಂತ ತೋರಿಸೋ ದಿಕ್ಕೇ ಸರಿಯುತ್ತೆ ಅಂತ ಕಾಲೇಜಲ್ಲಿ ಒಬ್ಬರು ಹೇಳಿದ್ರು. ಕಟ್ಟುಕತೆ ಅಂದ್ಕೊಂಡಿದ್ದೆ. ಎರಡು ಡಿಗ್ರಿ! ಅಜ್ಜಿ, ಇಪ್ಪತ್ತೆರಡು ತಾಕನ್ನೂ ಮತ್ತೆ ಎಳೀಬೇಕು ನಾನು."

"ಎಳಿ. ಇನ್ನೂ ಹದಿನೇಳು ಮರ ನನಗೆ ಗೊತ್ತು" ಎಂದಳು ಹಿಟ್ಟಿ. ಹಿರಿಯರು ನಕ್ಕು ಅವಳ ಬೆನ್ನು ತಟ್ಟಿದರು. ಒರತೆ ಅವಳಿಗೆ ಉಳಿಯಿತು. ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತೇನೋ, ಹಿರಿಯರ ಕಣ್ಣೆಲ್ಲ ಮರದ ಮೇಲಿತ್ತು. ಬಾರ್ಜಿಲ್ಲೈನ ಕಣ್ಣು ಮಾತ್ರ ಮರದಿಂದ ಗೋಡೆಗೆ, ಗೋಡೆಯಿಂದ ಮರಕ್ಕೆ ಓಡಾಡುತ್ತಿತ್ತು.

"ಹೌದು" ಎಂದಳು ಹಿಟ್ಟಿ ಅವನಿಗೆ, ಎಲ್ಲರಿಗೂ ಕೇಳುವಂತೆ. "ಹನ್ನೆರಡು ಹೆಜ್ಜೆ. ಎರಡು ಕೋಲು. ನೀನು ಹೇಳಿದ್ದೇ ಸರಿ. ಸಭೆಯಲ್ಲಿ ಕೇಳಿದಾಗಲೂ ನನಗೆ ಗೊತ್ತಿತ್ತು."

ಬಾರ್ಜಿಲ್ಲೈ ಅವಳನ್ನು ನೋಡಿದ. ಆಮೇಲೆ ಗೋಡೆ ಹತ್ತಿ ಇಳಿದು, ತಿರುಗಿ ನೋಡದೆ ಹೋದ. ಗೋಡೆ ಕಿತ್ತು ಮರದ ಗೆರೆಗೆ ಕಟ್ಟಬೇಕು, ಎರಡು ಕೋಲು ನೆಲ ಟಕ್‌ಗೆ ಬಿಡಬೇಕು ಎಂದು ಹಿರಿಯರು ಅಲ್ಲೇ ತೀರ್ಮಾನ ಹೇಳಿದರು. ಹಿಟ್ಟಿ ತಲೆಯಾಡಿಸಿದಳು. ಸಂಜೆ ಕಿಟಕಿಯಿಂದ ನೋಡಿದಳು. ಬಾರ್ಜಿಲ್ಲೈ ಅಡ್ಡೆ ಹೊತ್ತು ಹೊಳೆಯಿಂದ ಹತ್ತಿ ಬರುತ್ತಿದ್ದ. ನೆಲ ಕೊಟ್ಟರೆ ತೀರುವ ಬಾಬತ್ತಲ್ಲ ಇದು ಎಂದು ಅವಳಿಗೆ ಆಗ ಗೊತ್ತಾಯಿತು.

ಶನಿವಾರ ಅವಳು ಪಾದ್ರಿ ಸ್ಟೋವರ್ ಮನೆಗೆ ಹೋದಳು. ಅವರು ಊರಿಗೆ ಬಂದು ಇನ್ನೂ ನಾಲ್ಕು ವರ್ಷ.

"ಹದಿಮೂರನೇ ಇಸವಿಯ ಒಂದು ಚೀಟಿ ಇದೆ, ಬಾರ್ಜಿಲ್ಲೈ ಟಕ್ ಓದಿದ್ದು. ಅದು ನನಗೆ ಬೇಕು ಸ್ವಾಮಿ."

"ಹರಿದು ಹಾಕೋಕಾ?"

"ಓದೋಕೆ. ನಾಳೆ, ಸಭೆಯಲ್ಲಿ."

ಪಾದ್ರಿ ತಡವರಿಸಿದರು. "ಹಿರಿಯರ ಎದುರು ಹೇಳಿದೀರಿ, ಅಷ್ಟು ಸಾಕಲ್ಲ ಅಮ್ಮ. ಓದಲೇಬೇಕು ಅಂದ್ರೆ ಹೆಂಗಸರದ್ದು ಪಾದ್ರಿಯೇ ಓದೋದು ವಾಡಿಕೆ. ನೀವು ನಿಂತ್ಕೊಳ್ಳಿ, ನಾನು ಓದ್ತೀನಿ."

"ಸುಳ್ಳು ಹೇಳಿದ ಬಾಯಿ ನನ್ನದು. ನಾನೇ ಓದ್ತೀನಿ. ಹೊಸದು ಬರೀಬೇಡಿ, ಅದೇ ಚೀಟಿ ಕೊಡಿ. ಹೆಸರು ಮಾತ್ರ ಬದಲಾಯಿಸ್ಕೊಳ್ತೀನಿ."

ಹಿಟ್ಟಿ ಲೂಮಿಸ್‌ಳ ಎದುರು ಇಲ್ಲ ಅನ್ನುವ ಶಕ್ತಿ ಊರಿನ ಹಳಬರಿಗೇ ಇರಲಿಲ್ಲ, ಪಾಪ, ಸ್ಟೋವರ್‌ಗೆ ಎಲ್ಲಿಂದ ಬರಬೇಕು. ಪೆಟ್ಟಿಗೆ ತೆಗೆದು ಹುಡುಕಿ, ನಾಲ್ಕು ಮಡಿಕೆಯ ಹಳದಿ ಕಾಗದವನ್ನು ಕೊಟ್ಟರು. ಅವಳು ಬಿಚ್ಚದೆ ಹಾಗೆಯೇ ಜೇಬಿಗೆ ಹಾಕಿಕೊಂಡಳು.

ಭಾನುವಾರ ಸಭಾಮನೆ ತುಂಬಿತ್ತು, ಸುದ್ದಿ ಆಗಲೇ ಊರು ಸುತ್ತಿತ್ತು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಹಿಟ್ಟಿ ಎದ್ದು ನಡುದಾರಿಗೆ ಬಂದಳು, ಬಾರ್ಜಿಲ್ಲೈ ಅಂದು ನಿಂತಿದ್ದ ಹಲಗೆಯ ಮೇಲೆಯೇ ನಿಂತಳು. ಕನ್ನಡಕ ಏರಿಸಿ, ಕಾಗದ ಬಿಚ್ಚಿ, ತನ್ನ ಪೂರ್ತಿ ಹೆಸರು ಹೇಳಿ ಓದಿದಳು, ಹೊಲದಲ್ಲಿ ಅಳತೆ ಕೂಗುವಾಗಿನ ಅದೇ ದನಿ.

"ನಾನು, ಮೆಹಿಟೆಬಲ್ ಲೂಮಿಸ್, ದೇವರ ಮುಂದೆಯೂ ಈ ಸಭೆಯ ಮುಂದೆಯೂ ಒಪ್ಪಿಕೊಳ್ಳುವುದೇನೆಂದರೆ, ಗಡಿಯ ವಿಷಯದಲ್ಲಿ ನನ್ನ ನೆರೆಯವನಾದ ಬಾರ್ಜಿಲ್ಲೈ ಟಕ್‌ನ ಹೆಸರು ಕೆಡಿಸಿದೆ, ದೇವರ ದಿನವನ್ನು ಹೊಲಸು ಮಾಡಿದೆ..."

ಅಲ್ಲಿಗೆ ನಿಂತಳು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮಡಿಕೆ ಬಿದ್ದ ಜಾಗದಲ್ಲಿ ಕಾಗದ ಸವೆದು ಒಂದು ಸಾಲು ಪೂರ್ತಿ ಅಳಿಸಿಹೋಗಿತ್ತು. ಏನು ಬರೆದಿತ್ತೆಂದು ಅವಳಿಗೆ ನೆನಪಿರಲಿಲ್ಲ. ಆ ದಿನ ಅವಳು ಮಗುವಿನ ಟೊಪ್ಪಿಯ ದಾರ ಕಟ್ಟುತ್ತಿದ್ದಳಲ್ಲ, ಕಿವಿಗೆ ಹಾಕಿಕೊಂಡಿರಲಿಲ್ಲ. ಪಾದ್ರಿಯತ್ತ ನೋಡಿದಳು, ಅವರಿಗೆ ಗೊತ್ತಿಲ್ಲ. ಹಿರಿಯರತ್ತ ನೋಡಿದಳು, ಅವರು ತಲೆ ತಗ್ಗಿಸಿದರು.

"ನಿಜ ಯಾವುದೆಂದು ಗೊತ್ತಿದ್ದೂ ಸುಳ್ಳಾಡಿದೆ."

ಗಂಡಸರ ಕಡೆಯ ಹಿಂದಿನ ಬೆಂಚಿನಿಂದ ಬಂತು ಅದು. ಬಾರ್ಜಿಲ್ಲೈ ಕೂತಲ್ಲೇ ಕೂತಿದ್ದ, ಟೊಪ್ಪಿ ಮಂಡಿಯ ಮೇಲೆ, ಕಣ್ಣು ನೆಲದ ಮೇಲೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೆಲುವೂ ಇರಲಿಲ್ಲ. ಮೂವತ್ತೊಂದು ವರ್ಷ ಪ್ರತಿದಿನ ಹೊಳೆಯ ದಾರಿಯಲ್ಲಿ ಹೇಳಿಕೊಂಡು ಬಂದ ಸಾಲನ್ನು ಹೇಳಿದ, ಅಷ್ಟೆ.

ಹಿಟ್ಟಿ ಕಾಗದ ಕೆಳಗಿಳಿಸಿದಳು. ಕನ್ನಡಕ ತೆಗೆದಳು. ಅವನ ಕಡೆ ತಿರುಗಿ, "ನಿಜ ಯಾವುದೆಂದು ಗೊತ್ತಿದ್ದೂ ಸುಳ್ಳಾಡಿದೆ" ಎಂದಳು. ಆ ಸಾಲು ಆ ಸಭಾಮನೆಯಲ್ಲಿ ತಪ್ಪೊಪ್ಪಿಗೆಯಾಗಿ ಬಂದದ್ದು ಎರಡನೇ ಸಲ, ನಿಜವಾಗಿದ್ದು ಈಗಲೇ. ಮುಂದಿನದನ್ನು ಅವಳು ಓದಲಾರದೆ ಹೋದಳು, ಅಳು ಬಂದುಬಿಟ್ಟಿತು. ಹಿಟ್ಟಿ ಅತ್ತದ್ದನ್ನು ಊರು ಕಂಡದ್ದು ಅಂದೇ, ಜೆರೆಡ್ ಸತ್ತಾಗಲೂ ಕಂಡಿರಲಿಲ್ಲ. ಉಳಿದ ಎರಡು ಸಾಲನ್ನು ಬಾರ್ಜಿಲ್ಲೈ ಒಂದೊಂದಾಗಿ ಹೇಳಿಕೊಟ್ಟ, ಅವಳು ಒಂದೊಂದಾಗಿ ಹೇಳಿದಳು.

ಸಭೆ ಬಿಟ್ಟ ಮೇಲೆ ಅವನು ಬಾಗಿಲ ಬಳಿ ಕಾಯುತ್ತಿದ್ದ, ಹಿಂದೆ ಗಡಿಗಳ್ಳ ಎಂದು ಕೂಗಿದ್ದ ಜಾಗದಲ್ಲೇ. ಜನ ಸುತ್ತ ಸುಳಿದಾಡಿದರು, ಏನಾದರೂ ಕೇಳಿಸೀತೇ ಎಂದು.

"ಗೋಡೆ ನಾಳೆ ಶುರು ಮಾಡೋಣ್ವಾ?" ಎಂದ.

"ನನ್ನ ಗಂಡ ಕಟ್ಟಿದ್ದು, ನಾನು ಕೀಳಿಸ್ತೀನಿ. ನೀನ್ಯಾಕೆ ಬರ್ತೀಯ?"

"ನಿನ್ನ ಜೆರೆಡ್ ಕಲ್ಲು ಚೆನ್ನಾಗಿ ಜೋಡಿಸಿದಾನೆ ಹಿಟ್ಟಿ. ಒಬ್ಬರ ಕೈಲಿ ಬಿಚ್ಚೋಕೆ ಆಗಲ್ಲ." ಅವನು ಟೊಪ್ಪಿ ತಲೆಗೇರಿಸಿಕೊಂಡ. "ಬೆಳಿಗ್ಗೆ ಬರ್ತೀನಿ. ಬಕೆಟ್ಟೂ ತರ್ತೀನಿ."

"ತಾ" ಎಂದಳು ಹಿಟ್ಟಿ. "ಕೇಳೋದೇನೂ ಬೇಡ."